ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತೆ, ಏನು ಮಾಡೋದು?

ಪ್ರಶ್ನೆ: ವಯಸ್ಸು 66. ಲೆಕ್ಕಪತ್ರ, ಓದು ಎಲ್ಲ ಸರಿಯಾಗಿದೆ. ಪರಿಚಯದವರ ಹೆಸರು ಮಾತ್ರ ಬೇಕಾದಾಗ ಬರಲ್ಲ, ಅರ್ಧ ಗಂಟೆ ಬಿಟ್ಟು ತಾನಾಗೇ ಹೊಳೆಯುತ್ತೆ. ಅರಳುಮರಳು ಶುರುವಾಯ್ತಾ? ತಿಳಿದವರು ಹೇಳಿ.

— ತಾನಾಗೇ ಹೊಳೆಯುತ್ತೆ ಅಂದಮೇಲೆ ಹೆಸರು ಅಳಿಸಿಹೋಗಿಲ್ಲ. ಮುಖದಿಂದ ಶಬ್ದಕ್ಕೆ ಹೋಗೋ ಎಳೆ ಸಡಿಲ ಆಗಿದೆ, ಅಷ್ಟೇ. 'ಬಡಗಿ' ಅನ್ನೋ ಪದಕ್ಕೆ ಉಳಿ, ಗರಗಸ, ಮರ ಅಂತ ಹತ್ತು ದಾರಿ. 'ಬಡಿಗೇರ' ಅನ್ನೋ ಅಡ್ಡಹೆಸರಿಗೆ ಆ ಮುಖದಿಂದ ಒಂದೇ ದಾರಿ. ಅದಕ್ಕೇ ಮೊದಲು ಕೈಕೊಡೋದು ಹೆಸರುಗಳು. ಪದಸಂಪತ್ತು ಮಾತ್ರ ಎಪ್ಪತ್ತರಲ್ಲೂ ಗಟ್ಟಿ.

ಹಠ ಹಿಡಿದು ಹುಡುಕಬೇಡಿ. ತಪ್ಪು ಹೆಸರೊಂದು ಅಡ್ಡ ಬಂದು ಕೂತರೆ ಎಷ್ಟು ತಡಕಿದರೂ ಅದೇ ಬರುತ್ತೆ. ವಿದ್ಯಾರ್ಥಿಗಳ ಮೇಲೆ ಮಾಡಿದ 2008ರ ಪ್ರಯೋಗವೊಂದರಲ್ಲಿ, 10 ಸೆಕೆಂಡಿನ ಬದಲು 30 ಸೆಕೆಂಡ್ ಒದ್ದಾಡಿದ ಪದಗಳೇ ಎರಡು ದಿನ ಬಿಟ್ಟು ಮತ್ತೆ ಹೆಚ್ಚಾಗಿ ಸಿಕ್ಕಿಕೊಂಡವು. ಒದ್ದಾಟವೇ ಅಭ್ಯಾಸ ಆಗಿಬಿಡುತ್ತೆ! ಹತ್ತು ಸೆಕೆಂಡ್ ಅ, ಕ, ಗ, ಚ ಅಂತ ಮೊದಲಕ್ಷರ ತಡವಿ ನೋಡಿ. ಸಿಗಲಿಲ್ಲವಾ, ಪಕ್ಕದವರನ್ನ ಕೇಳಿ. ಪೂರ್ತಿ ಹೆಸರಲ್ಲ, ಮೊದಲಕ್ಷರ. ಸಿಕ್ಕಮೇಲೆ ಎರಡು ಸಲ ಬಾಯಿಬಿಟ್ಟು ಹೇಳಿ.

— ಹೊಸ ಹೆಸರಿಗೆ ಚೀಟಿ ನೋಡಿ ನೋಡಿ ಓದೋದರಿಂದ ಉಪಯೋಗ ಕಡಿಮೆ. ಗುರುತು ಹಿಡಿಯೋ ಶಕ್ತಿ ವಯಸ್ಸಾದರೂ ಅಷ್ಟಾಗಿ ಕುಗ್ಗಲ್ಲ, ಹಾಗಾಗಿ ಕಂಡ ತಕ್ಷಣ 'ಗೊತ್ತಲ್ಲ ಇದು' ಅನ್ನಿಸಿ ಮೋಸ ಹೋಗ್ತೀವಿ. ಚೀಟಿ ಮುಚ್ಚಿಟ್ಟು ನೆನಪಿಸಿಕೊಳ್ಳಿ: 1 ನಿಮಿಷ ಬಿಟ್ಟು, 5 ನಿಮಿಷ ಬಿಟ್ಟು, ಮಲಗೋ ಮುಂಚೆ, ಮೂರನೇ ದಿನ, ವಾರಕ್ಕೊಮ್ಮೆ. ತಪ್ಪಿದರೆ ಹಿಂದಿನ ಅಂತರಕ್ಕೆ ಇಳಿಯಿರಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಅರ್ಧಂಬರ್ಧ ಕೇಳಿಸಿಕೊಂಡ ಹೆಸರು ಒಳಗೆ ಹೋಗಿಯೇ ಇರಲ್ಲ, ಹೊರಗೆ ಎಲ್ಲಿಂದ ಬರಬೇಕು?

— ತಗೊಳ್ಳೋ ಮಾತ್ರೆಗಳ ಪಟ್ಟಿ ವೈದ್ಯರಿಗೆ ತೋರಿಸಿ. ಅಲರ್ಜಿಗೆ, ನಿದ್ರೆಗೆ ಕೊಡೋ ಡೈಫೆನ್‌ಹೈಡ್ರಮೈನ್, ಮೂತ್ರದ ತೊಂದರೆಗೆ ಕೊಡೋ ಆಕ್ಸಿಬ್ಯುಟಿನಿನ್ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ಮಿದುಳಿನ ರಾಸಾಯನಿಕಕ್ಕೆ ಅಡ್ಡಗಾಲು ಹಾಕುತ್ತವೆ. ನೀವಾಗೇ ನಿಲ್ಲಿಸಬೇಡಿ. ವಿಟಮಿನ್ ಬಿ12, ಥೈರಾಯ್ಡ್ ಪರೀಕ್ಷೆಯೂ ಆಗಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಿಗಂತೂ ಬಿ12 ಇಳಿದಿರಬಹುದು.

— ವಯಸ್ಸೋ ಕಾಯಿಲೆಯೋ ಅನ್ನೋದಕ್ಕೆ: ವಯಸ್ಸಿನ ಮರೆವಿಗೆ ಸುಳಿವು ಕೊಟ್ಟರೆ ಸಾಕು, 'ಮ...' ಅಂದರೆ 'ಹಾಂ, ಮಂಜುಳಾ!' ಅಂತ ಬರುತ್ತೆ. ಸುಳಿವು ಕೊಟ್ಟರೂ ನಿನ್ನೆಯ ಭೇಟಿಯೇ ನೆನಪಿಲ್ಲ, ಕೇಳಿದ್ದನ್ನೇ ಮತ್ತೆ ಕೇಳ್ತಾರೆ, ಗೊತ್ತಿರೋ ದಾರಿ ತಪ್ಪುತ್ತೆ ಅಂದರೆ ತಡಮಾಡದೆ ನರರೋಗ ತಜ್ಞರ ಹತ್ತಿರ ಹೋಗಿ. ಜೊತೆಗೆ ಮನೆಯವರೊಬ್ಬರು ಇರಲಿ. ಮರೆತದ್ದನ್ನ ಮರೆತವರೇ ಹೇಳೋದು ಕಷ್ಟ.