ಸಹಾಯ ಬೇಕು: ರೋಡ್‌ಮ್ಯಾಪ್‌ನಲ್ಲಿ ಪ್ರಯೋಗಗಳನ್ನು ತೋರಿಸುವುದು ಹೇಗೆ?

ನಮಸ್ಕಾರ. ಕಿರಾಣಿ ಅಂಗಡಿಗಳ ಉದ್ರಿ ಲೆಕ್ಕದ ಆ್ಯಪ್‌ಗೆ ನಾನು ಪ್ರಾಡಕ್ಟ್ ಮ್ಯಾನೇಜರ್. ಕೋಡ್ ಬರೆಯುವ ಮೊದಲು ಫೇಕ್ ಡೋರ್ ಟೆಸ್ಟ್ ಮಾಡಿದೆವು, ಅಂದರೆ ಇನ್ನೂ ಇಲ್ಲದ ಫೀಚರ್ ಎಷ್ಟು ಜನಕ್ಕೆ ಬೇಕು ಅಂತ ನೋಡುವ ಪ್ರಯೋಗ. 'ವಾಟ್ಸ್ಆ್ಯಪ್‌ನಲ್ಲಿ ಬಾಕಿ ನೆನಪಿಸಿ' ಅಂತ ಸುಮ್ನೆ ಒಂದು ಬಟನ್. ಒತ್ತಿದರೆ 'ಸದ್ಯದಲ್ಲೇ ಬರಲಿದೆ', ಅಷ್ಟೇ. 240 ಅಂಗಡಿಗಳಲ್ಲಿ 31 ಜನ ಒತ್ತಿದರು. ಒಬ್ಬರಂತೂ ಫೋನ್ ಮಾಡಿ 'ಬಟನ್ ಕೆಟ್ಟಿದೆ, ಸರಿ ಮಾಡ್ರೀ' ಅಂತ ಗದರಿದರು! ಇಷ್ಟು ಕಮ್ಮಿ ಜನರಲ್ಲಿ ಎ/ಬಿ ಟೆಸ್ಟ್ (ಎರಡು ಗುಂಪಿಗೆ ಎರಡು ರೂಪ ತೋರಿಸಿ ಹೋಲಿಸುವುದು) ಮಾಡಿದರೂ ನಂಬುವುದು ಕಷ್ಟ, ಅಲ್ವಾ?

ಇತ್ತ ಬಾಸ್‌ಗೆ 12 ತಿಂಗಳ ರೋಡ್‌ಮ್ಯಾಪ್ ಬೇಕು, ಪ್ರತಿ ಫೀಚರ್‌ಗೂ ತಾರೀಖು ಸಮೇತ. ಈಗ, ಮುಂದೆ, ಆಮೇಲೆ ಅಂತ ಮೂರು ಕಾಲಂ ಮಾಡಿ ತೋರಿಸಿದೆ. 'ಆಮೇಲೆ ಅಂದ್ರೆ ಯಾವಾಗ?' ಅಂದರು. ಪ್ರಯೋಗ ಸೋತರೆ ಫೀಚರೇ ಇರುವುದಿಲ್ಲ, ತಾರೀಖು ಎಲ್ಲಿಂದ ತರಲಿ? ಸೇಲ್ಸ್‌ನವರೂ ಒಪ್ಪುವ ಹಾಗೆ ನೀವು ಹೇಗೆ ಬರೆಯುತ್ತೀರಿ? ಮಾದರಿ ಇದ್ದರೆ ಹಾಕಿ. ಸೋಮವಾರ ಮೀಟಿಂಗ್ ಇದೆ.