ಸಹಾಯ ಬೇಕು: ಮಳೆಗಾಲಕ್ಕೆ ಹೊಂದುವ ಮಾಪ್ ಮತ್ತು ಬೀರುವಿನ ತೇವಕ್ಕೆ ಪರಿಹಾರ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ನಮ್ಮ ಹಳೆಯ ಹೆಂಚಿನ ಮನೆಗೆ ರೆಡ್ ಆಕ್ಸೈಡ್ ನೆಲವಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕೊಡವರ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದಾಗ, ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನವಾದರೂ ಆರುವುದಿಲ್ಲ. ಹತ್ತಿ ದಾರದ ಮಾಪ್ ತಾನೇ ಒಣಗದೆ ಮುಗ್ಗಲು ವಾಸನೆ ಬೀರುವುದರಿಂದ, ಬಟ್ಟೆಯನ್ನು ಕಳಚಿ ತೊಳೆದು ಒಲೆಯ ಬಳಿ ಒಣಗಿಸಬಹುದಾದ ಮೈಕ್ರೋಫೈಬರ್‌ನ ಚಪ್ಪಟೆ ಮಾಪ್ ಕೊಳ್ಳಬೇಕೆಂದಿದ್ದೇನೆ. ಬಕೆಟ್ಟಿನಲ್ಲೇ ತಿರುಗಿಸಿ ಹಿಂಡುವ ಸ್ಪಿನ್ ಮಾಪ್ ಇದಕ್ಕಿಂತ ಮೇಲೇ, ಅದರ ಪ್ಲಾಸ್ಟಿಕ್ ಭಾಗಗಳು ಬಾಳಿಕೆ ಬರುತ್ತವೆಯೇ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ. ಆಸಿಡ್ ಇರುವ ದ್ರಾವಣ ಈ ನೆಲದ ಹೊಳಪನ್ನು ಕೆಡಿಸುತ್ತದೆ, ಬ್ಲೀಚ್ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲವೂ ಹೊರಡುತ್ತದೆ. ಆದ್ದರಿಂದ ಅಂಥದ್ದು ಬೇಡ.

ಅದಕ್ಕಿಂತ ದೊಡ್ಡ ಚಿಂತೆ ಬೀರುವಿನದು. ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರ ಕುಪ್ಯದ (ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ) ಮೇಲೆ, ಅದರ ಸೊಂಟಕ್ಕೆ ಕಟ್ಟುವ ಕೆಂಪು ರೇಷ್ಮೆಯ ಚೇಲೆಯ ಮಡಿಕೆಯುದ್ದಕ್ಕೂ ಬಿಳಿ ಬೂಷ್ಟು ಕೂತಿತ್ತು. ಗಾಳಿಯಾಡಲೆಂದು ಬೀರುವನ್ನು ಗೋಡೆಯಿಂದ ಮುಂದಕ್ಕೆ ಸರಿಸಿ, ಕೆಳಗಿನ ಅರೆಯನ್ನು ಖಾಲಿ ಬಿಟ್ಟಿದ್ದೇನೆ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ತೇವ ಹೀರಿ ನೀರಾಗುವುದರಿಂದ ರೇಷ್ಮೆಯ ಹತ್ತಿರ ಇಡಲು ಧೈರ್ಯ ಸಾಲದು. ತೇವ ಹೀರುವ ಹರಳುಗಳಾದ ಸಿಲಿಕಾ ಜೆಲ್ಲನ್ನಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಎರಡು ಬಾಗಿಲಿನ ಮರದ ಬೀರುವಿಗೆ ಅದು ಎಷ್ಟು ಬೇಕಾಗುತ್ತದೆ? ಪದೇ ಪದೇ ಕರೆಂಟ್ ಹೋಗುವ ನಮ್ಮ ಕಡೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ವಿದ್ಯುತ್ ಯಂತ್ರ) ಕೊಂಡವರಿದ್ದರೆ, ಅದರಿಂದ ನಿಜಕ್ಕೂ ಪ್ರಯೋಜನವಾಗಿದೆಯೇ ಎಂದು ವಿವರವಾಗಿ ಬರೆಯಬೇಕಾಗಿ ವಿನಂತಿ.