ಸಹಾಯ ಬೇಕು: ಗಾಳಿ ಮತ್ತು ಲೋಹದ ಅಯಾನುಗಳು

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ತುಂಬಿರುವ ಭಾಗ) ಪಾಠ ಸಿದ್ಧ ಮಾಡುತ್ತಿದ್ದೇನೆ. ಒಂದು ಕಡೆ ನಿಮ್ಮ ಸಹಾಯ ಬೇಕು.

ಉಲ್ಕೆಗಳು ಉರಿದಾಗ ಕಬ್ಬಿಣ, ಮೆಗ್ನೀಸಿಯಂ ಮೇಲೇ ಉಳಿಯುತ್ತವೆ. ಸುಮಾರು 100 ಕಿ.ಮೀ. ಎತ್ತರದಲ್ಲಿ ಇವುಗಳ ಅಯಾನುಗಳು ಜಾಸ್ತಿ ಹೊತ್ತು ಬಾಳುತ್ತವೆ. ಭೂಮಿಯ ಕಾಂತಕ್ಷೇತ್ರದಿಂದಾಗಿ ಪೂರ್ವಕ್ಕೆ ಬೀಸುವ ಗಾಳಿ ಅವನ್ನು ಮೇಲೆತ್ತುತ್ತದೆ, ಪಶ್ಚಿಮಕ್ಕೆ ಬೀಸುವುದು ಕೆಳಗೆ ತಳ್ಳುತ್ತದೆ. ಮೇಲೆ ಪಶ್ಚಿಮದತ್ತ, ಕೆಳಗೆ ಪೂರ್ವದತ್ತ ಗಾಳಿಯಿದ್ದರೆ ನಡುವೆ ಅಯಾನುಗಳು ಒತ್ತಾಗಿ ಸೇರಿ ತೆಳುವಾದ ಪದರ ಆಗುತ್ತದೆ. ಅದೇ ಸ್ಪೊರಾಡಿಕ್ ಇ, ಅಂದರೆ ಅಯಾನುಗೋಳದ ‘ಇ’ ಭಾಗದಲ್ಲಿ ಆಗಾಗ ಮೂಡುವ ಪದರ. ಸಾಮಾನ್ಯವಾಗಿ ಬಾಹ್ಯಾಕಾಶಕ್ಕೆ ಹೋಗಿಬಿಡುವ ರೇಡಿಯೊ ಅಲೆಗಳನ್ನೂ ಇದು ವಾಪಸ್ ಕಳಿಸಬಲ್ಲದು. ಎಷ್ಟು ಚೆಂದದ ಕೆಲಸ ಅಲ್ವಾ!

ಇಲ್ಲಿವರೆಗೆ ಸರಿ. ಆದರೆ 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ, ಕೇರಳದ ‘ತುಂಬಾ’ ಎಂಬ ಊರು ಇರುವುದು ಕಾಂತೀಯ ಸಮಭಾಜಕದ ಹತ್ತಿರ. ಅಲ್ಲಿ ಕಾಂತರೇಖೆಗಳು ಹೆಚ್ಚುಕಡಿಮೆ ಅಡ್ಡಡ್ಡ ಇರುತ್ತವೆ. ಎಲೆಕ್ಟ್ರಾನುಗಳು ಆ ರೇಖೆಗಳ ಗುಂಟವೇ ಚಲಿಸುವುದರಿಂದ ಅಯಾನುಗಳ ಜೊತೆ ಮೇಲೆ ಕೆಳಗೆ ಹೋಗಲು ಅವಕ್ಕೆ ಆಗುವುದಿಲ್ಲ, ಹಾಗಾಗಿ ಈ ವಿಧಾನ ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ಇದನ್ನು ಗಣಿತ ಇಲ್ಲದೆ, ಒಂದೇ ಚಿತ್ರದಲ್ಲಿ ತೋರಿಸುವುದು ಹೇಗೆ? ಅಯಾನೊಗ್ರಾಮ್ (ರೇಡಿಯೊ ಅಲೆ ಕಳಿಸಿ ಅಯಾನುಗೋಳದ ಪದರಗಳನ್ನು ಅಳೆದ ನಕ್ಷೆ) ಓದಿ ಗೊತ್ತಿರುವವರು, ಹ್ಯಾಮ್ ರೇಡಿಯೊದವರು (ಹವ್ಯಾಸಕ್ಕೆ ರೇಡಿಯೊ ಸಂಪರ್ಕ ಮಾಡುವವರು) ದಯವಿಟ್ಟು ತಿಳಿಸಿ. ಕೈಯಲ್ಲಿ ಬಿಡಿಸಿದ ಚಿತ್ರ ಇದ್ದರೂ ಸಾಕು.